ಎಣಿಸದೆ ಎಣಿಸಿದ ಕೈ

ಉಟಗಿಯ ಸಾವಿತ್ರವ್ವ ತೀರಿಕೊಂಡದ್ದು ೧೯೭೯ನೆಯ ಇಸವಿ ನವೆಂಬರ್ ೧೧ರಂದು, ರವಿವಾರ. ಕೆಲವರು ೧೯೭೮ ಎನ್ನುವುದನ್ನು ಕೇಳಿದ್ದೇನೆ; ಅದು ತಪ್ಪು. ಹುಟ್ಟಿದ ದಿನವನ್ನು ಮಾತ್ರ ಖಚಿತವಾಗಿ ಹೇಳಬಲ್ಲವರು ಯಾರೂ ಉಳಿದಿಲ್ಲ. ಊರಿಗೆ ದೊಡ್ಡ ಜ್ವರ ಬಂದ ವರ್ಷ ಆಕೆ ತೊಟ್ಟಿಲಲ್ಲಿದ್ದಳೆಂದು ತಾಯಿ ಹೇಳುತ್ತಿದ್ದಳಂತೆ. ಆ ಜ್ವರ ೧೯೧೮ರದು. ಆದ್ದರಿಂದ ನಾನು ಆ ವರ್ಷವನ್ನೇ ಹಿಡಿಯುತ್ತೇನೆ.

ಆಕೆ ಕುರಿ ಕಾಯುವ ಮನೆತನದವಳು, ಸೊಸೆಯಾಗಿ ಬಂದದ್ದೂ ಅಂಥದೇ ಮನೆಗೆ. ಗಂಡ ಶಿದ್ರಾಯ ೧೯೫೭ರಲ್ಲಿ ತೀರಿಕೊಂಡಾಗ ಮಗ ಧೂಳಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಂದಿನಿಂದ ಕುರಿಗಳ ಹಿಂಡು, ಮೂರು ಎಕರೆ ಜೋಳದ ಹೊಲ, ಮಳೆಗಾಲದ ಹುರುಳಿ, ಎಲ್ಲವೂ ಆಕೆಯ ಮೈಮೇಲೆ ಬಿದ್ದವು. ನಮ್ಮ ಮನೆ ಆಕೆಯ ಮನೆಗೆ ಎದುರಾಗಿದ್ದುದರಿಂದ ನಾನು ಮುಂದೆ ಹೇಳುವುದರಲ್ಲಿ ಹೆಚ್ಚಿನ ಪಾಲು ಕಣ್ಣಾರೆ ಕಂಡದ್ದು; ಉಳಿದದ್ದನ್ನು ಆ ಮನೆಯವರ ಬಾಯಿಂದಲೇ ಕೇಳಿದ್ದೇನೆ.

ಊರಲ್ಲಿ ಸಾವಿತ್ರವ್ವ ಎರಡು ಸಂಗತಿಗಳಿಗೆ ಹೆಸರಾಗಿದ್ದಳು. ಒಂದು, ಆಕೆಯ ನಗು. ಮನೆಯೊಳಗೆ ನಕ್ಕರೆ ಹನುಮಂತ ದೇವರ ಕಟ್ಟೆಯ ಮೇಲೆ ಕುಳಿತವರಿಗೆ ಕೇಳುತ್ತಿತ್ತು. ಎರಡನೆಯದು, ಆಕೆಯ ಎಣಿಕೆ. ಬೆಳಗ್ಗೆ ದಡ್ಡಿಯ, ಅಂದರೆ ಕುರಿ ಕೂಡುವ ಬೇಲಿಯ, ಬಾಗಿಲು ತೆಗೆದು, ಎಡಗೈಯಲ್ಲಿ ಕೋಲು ಹಿಡಿದು ನಿಲ್ಲುವಳು. ಕುರಿಗಳು ಒಂದರ ಹಿಂದೊಂದು ಹೊರಬೀಳುತ್ತಿದ್ದಂತೆ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡುವುದು. ಬಾಯಲ್ಲಿ ಒಂದಂಕಿಯೂ ಬರುವುದಿಲ್ಲ. ಯಾರೊಡನೆಯೋ ಮಾತಾಡುತ್ತಲೇ ಇರುವಳು, ಹೆಬ್ಬೆರಳು ತನ್ನಷ್ಟಕ್ಕೆ ತಾನು ಓಡುತ್ತಿರುವುದು, ಕೊನೆಗೆ ಲೆಕ್ಕ ಸರಿಯಾಗಿರುವುದು. ಸಂಜೆ ಮತ್ತೆ ಹಾಗೆಯೇ. ಈ ಎರಡನೆಯ ಖ್ಯಾತಿಯೇ ಮುಂದೆ ಆಕೆಗೆ ಮುಳುವಾಯಿತು.

ಮೊದಲ ಗುರುತು ಕಾಣಿಸಿದ್ದು ೧೯೬೬ರ ಸಂಕ್ರಾಂತಿಯ ಆಸುಪಾಸಿನಲ್ಲಿ ಎಂದು ನನ್ನ ಅಂದಾಜು. ತಕಲಿಯಲ್ಲಿ ಆಕೆ ತೆಗೆಯುತ್ತಿದ್ದ ಉಣ್ಣೆಯ ಎಳೆ ಒಂದೆಡೆ ದಪ್ಪ, ಒಂದೆಡೆ ತೆಳು ಬರತೊಡಗಿತು. ನಡೆಯುವಾಗ ಬಲಗೈ ಬೀಸುವುದು ನಿಂತಿತು. ದನಿ ಇಳಿಯಿತು, ಕುರಿಗಳನ್ನು ಕೂಗಲು ಮಗನನ್ನು ಕರೆಯಬೇಕಾಯಿತು; ಬರಬರುತ್ತ ಹಿಂಡು ಬಿಡುವುದೂ ಎಣಿಸುವುದೂ ಅವನ ಪಾಲಿಗೇ ಬಂದವು. ಮುಖದ ಮೇಲಿನ ನಗು ದಿನೇ ದಿನೇ ಕಡಿಮೆಯಾಗಿ, ಕಡೆಗೆ ಯಾವಾಗ ನಿಂತಿತೆಂಬುದೇ ಯಾರಿಗೂ ತಿಳಿಯಲಿಲ್ಲ. ವಯಸ್ಸಾಯಿತು ಎಂದರು ಕೆಲವರು. ಗಂಡನಿಲ್ಲದ ಹೆಂಗಸು, ದುಡಿದು ದಣಿದಿದ್ದಾಳೆ ಎಂದರು ಮತ್ತೆ ಕೆಲವರು. ಬೆರಳುಗಳ ಮೇಲೆ ಹೆಬ್ಬೆರಳು ಸದಾ ಆಡುತ್ತಲೇ ಇರುವುದನ್ನು ಕಂಡವರು ಮಾತ್ರ ಏನೂ ಅನ್ನಲಿಲ್ಲ. ಆ ಕೈ ಎಣಿಸುವುದನ್ನು ಊರು ಮೊದಲಿನಿಂದಲೂ ನೋಡಿಯೇ ಇತ್ತು.

ಧೂಳಪ್ಪನ ಮದುವೆ ನಡೆದದ್ದು ೧೯೬೮ರ ಮೇ ೫ರಂದು, ರವಿವಾರ. ಹೆಣ್ಣು ಬಾಲಗಾಂವದ ರೇವಪ್ಪನ ಮಗಳು ಇಂದುಬಾಯಿ. ರೇವಪ್ಪನೂ ಕುರಿಯವನೇ, ಮಾತು ಒರಟು, ಮಗಳ ಮೇಲೆ ಪ್ರಾಣ. ಇಂದುಬಾಯಿ ದುಂಡು ಮುಖದ, ಗಟ್ಟಿ ಕೈಯ ಹುಡುಗಿ. ಬಂದ ವಾರದಲ್ಲೇ ಹೊಲದ ಕೆಲಸಕ್ಕೆ ಇಳಿದಳು. ಆದರೆ ಆ ದೀಪಾವಳಿಯ ಹೊತ್ತಿಗೆ ಹುಡುಗಿ ಸೊರಗಿರುವುದು ಎಲ್ಲರ ಕಣ್ಣಿಗೂ ಬಿತ್ತು. ಬಾವಿಯ ಹತ್ತಿರ ಪಕ್ಕದ ಮನೆಯ ಹಣಮವ್ವ ಕೇಳಿಯೇಬಿಟ್ಟಳು.

"ಯಾಕ ತಂಗಿ, ಬಂದಾಗ ತುಂಬಿದ ಚೀಲಧಂಗಿದ್ದಿ. ಈಗ ಝಾಡಿಸಿದ ಚೀಲ ಆಗೀಯಲ್ಲ?"

"ನಮ್ಮತ್ತಿ ಎಣಿಸ್ತಾರ್ರಿ ಯಕ್ಕಾ."

"ಏನ ಎಣಿಸ್ತಾಳ?"

"ರೊಟ್ಟಿ. ನಾ ಉಣ್ಣಾಕ ಕುಂತ್ರ ಎದುರಿಗಿ ಬಂದು ಕುಂದ್ರತಾರ. ಕಣ್ಣ ಪಿಳುಕಿಸಂಗಿಲ್ಲ, ಮಾತಿಲ್ಲ, ನಗಿ ಇಲ್ಲ. ತೊಡಿ ಮ್ಯಾಲ ಕೈ ಇಟಗೊಂಡು ಗೆಣ್ಣ ಎಣಿಸ್ತಾರ. ಒಂದು ತಿನ್ನೂದ್ರಾಗ ಎದ್ದಬಿಡ್ತೀನಿ."

"ಕುರಿ ಎಣಿಸಿದ ಕೈ ಅದು, ರೊಟ್ಟಿ ಬಿಟ್ಟೀತೇನ? ನಾ ಬಂದ್ರ ನನ್ನ ಹಲ್ಲ ಎಣಿಸಿ ಕಳಸ್ತಾಳ ನೋಡು. ಅದಾವರ ಎಷ್ಟು? ಲಗೂನ ಮುಗೀತೈತಿ, ಅದೊಂದ ಚಲೋ."

ಹಣಮವ್ವ ನಗೆಗೆಂದು ಆಡಿದ ಮಾತು ನಗೆಯಾಗಿ ಉಳಿಯಲಿಲ್ಲ. ನಾಲ್ಕು ದಿನದಲ್ಲಿ ಊರೆಲ್ಲ ಅದೇ ಮಾತಾಯಿತು. ಧೂಳಪ್ಪನ ಕಿವಿಗೂ ಬಿತ್ತು.

"ಅವ್ವಾ, ಆಕಿ ಉಣ್ಣುವಾಗ ನೀ ಎಣಿಸ್ತೀಯಂತ. ಖರೇ ಏನ?"

"ಇಲ್ಲೋ" ಎಂದಳು ಸಾವಿತ್ರವ್ವ. ಅಷ್ಟೇ. ದನಿಯಲ್ಲಿ ಏರಿಳಿತವಿಲ್ಲ, ಮುಖದಲ್ಲಿ ನೋವಿಲ್ಲ, ಸಿಟ್ಟೂ ಇಲ್ಲ. ಮಗನಿಗೆ ಆ ಉತ್ತರದಿಂದ ಏನೂ ತಿಳಿಯಲಿಲ್ಲ. ಮರುದಿನದಿಂದ ಆಕೆ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂಡತೊಡಗಿದಳು. ಸೆರಗು ಅಲುಗುತ್ತಿತ್ತು. ಈಗ ಮುಚ್ಚಿಟ್ಟುಕೊಂಡು ಎಣಿಸುತ್ತಾಳೆ ಎಂದಾಯಿತು.

ರೇವಪ್ಪ ಮಗಳನ್ನು ನೋಡಲು ಬಂದದ್ದು ೧೯೬೯ರ ಫೆಬ್ರವರಿಯಲ್ಲಿ. ಹಿಂದೆ ನೆಂಟರು ಓಣಿಯ ಮೂಲೆಯಲ್ಲಿ ಕಾಣಿಸಿದರೆ 'ಬರ್ರಿ, ಬರ್ರಿ' ಎಂದು ಕೂಗಿ ಕರೆಯುತ್ತಿದ್ದ ಹೆಂಗಸು ಅಂದು ಬಾಗಿಲಲ್ಲಿ ಸುಮ್ಮನೆ ನಿಂತಳು. 'ಕುಂದ್ರಿ' ಎಂದದ್ದು ಆತನಿಗೆ ಕೇಳಿಸಲೇ ಇಲ್ಲ. ಚಹಾ ತಂದಾಗ ಕಪ್ಪು ಬಸಿಯ ಮೇಲೆ ಗಡಗಡ ಸದ್ದು ಮಾಡಿ, ಅರ್ಧ ಚಹಾ ಆತನ ಧೋತರದ ಮೇಲೆ ಚೆಲ್ಲಿತು. ಆಕೆ ಚೆಲ್ಲಿದ್ದನ್ನು ನೋಡುತ್ತ ನಿಂತಳು, ಮುಖ ಕಲ್ಲಿನ ಹಾಗೆ.

"ಬೀಗನ್ನ ನೋಡಿ ಹಿಂಗ ಮಾರಿ ಮಾಡಾಕಿ, ನನ್ನ ಮಗಳನ್ನ ಹ್ಯಾಂಗ ನೋಡ್ತಿರಬೇಕು?" ಎಂದು ಆತ ನಮ್ಮ ಕಟ್ಟೆಗೆ ಬಂದು ಹೇಳಿದ. ಆ ವರ್ಷದ ಪಂಚಮಿ ಹಬ್ಬಕ್ಕೆ ಮಗಳನ್ನು ತವರಿಗೆ ಕರೆದುಕೊಂಡು ಹೋದವನು ಮತ್ತೆ ಕಳುಹಿಸಲಿಲ್ಲ. ಧೂಳಪ್ಪ ಬಾಲಗಾಂವಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದ. ರೇವಪ್ಪ ಹೇಳಿ ಕಳುಹಿಸಿದ್ದು ಒಂದೇ ಮಾತು:

"ನಿಮ್ಮವ್ವ ಬಂದು ನಕ್ಕೋತ ಕರೀಲಿ. ಅವತ್ತ ಕಳಸ್ತೀನಿ."

ಸಾವಿತ್ರವ್ವ ಹೋದಳು. ಅದು ೧೯೬೯ರ ಅಕ್ಟೋಬರ್, ದಸರೆ ಕಳೆದ ಮೇಲೆ. ಹೊಸ ಇಳಕಲ್ಲ ಸೀರೆ ಉಟ್ಟು, ಕೊಬ್ಬರಿ, ಸಕ್ಕರೆ ಕಟ್ಟಿಕೊಂಡು, ಜೀಪು ಹತ್ತಿ ಹೋದಳು. ಬೀಗರ ಅಂಗಳದಲ್ಲಿ ನಿಂತು, ನಗಬೇಕೆಂದು ಬಂದದ್ದು ಮನಸ್ಸಿನಲ್ಲಿಟ್ಟುಕೊಂಡೇ, "ಇಂದೂನ್ನ ಕಳಸ್ರಿ" ಎಂದಳು.

ರೇವಪ್ಪ ಆಕೆಯ ಮುಖವನ್ನು ಒಂದು ಗಳಿಗೆ ನೋಡಿದ. "ಬೀಗತೇರ, ಇದು ಕರಿಯೂದೋ, ಜಪ್ತಿಗಿ ಬಂದದ್ದೋ?" ಎಂದ.

ಕೊಬ್ಬರಿ, ಸಕ್ಕರೆ ಆ ಮನೆಯ ಕಟ್ಟೆಯ ಮೇಲೆಯೇ ಉಳಿದವು. ಆಕೆ ಒಬ್ಬಳೇ ಹಿಂದಿರುಗಿದಳು.

ಅಲ್ಲಿಂದ ಮುಂದೆ ಮಾತು ಸೋಡಚೀಟಿಗೆ, ಅಂದರೆ ಗಂಡ ಹೆಂಡಿರ ಬಿಡುಗಡೆಗೆ, ಬಂದಿತು. ಧೂಳಪ್ಪನಿಗೂ ಇಂದುಬಾಯಿಗೂ ನಡುವೆ ಜಗಳವೇನೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಅತ್ತೆ ಅನ್ನವನ್ನು ಎಣಿಸುವ ಮನೆಯಲ್ಲಿ ಮಗಳನ್ನು ಇಡಲಾರೆನೆಂದು ತಂದೆ ಹಟ ಹಿಡಿದಿದ್ದ. ಅವನ ಹಟ ತಪ್ಪೆನ್ನಲು ಯಾರಿಗೂ ಬಾಯಿ ಬರಲಿಲ್ಲ. ೧೯೭೦ರ ಜನವರಿ ೧೮, ರವಿವಾರ ಬೆಳಗ್ಗೆ, ಸಾವಿತ್ರವ್ವನ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಪಂಚರು ಕೂಡಿದರು. ಹಿರಿಯನಾಗಿ ಕುಳಿತವನು ಅಣ್ಣಾರಾಯ. ಕಡಿಮೆ ಮಾತಿನ, ನ್ಯಾಯ ನೋಡುವ ಮನುಷ್ಯ. ಇಂದುಬಾಯಿ ತಂದೆಯ ಬೆನ್ನಿಗೆ ಕುಳಿತಿದ್ದಳು. ಪಂಚಾಯಿತಿಯ ಸಲುವಾಗಿ ಅಂದು ಕುರಿಗಳನ್ನು ಇನ್ನೂ ಬಿಟ್ಟಿರಲಿಲ್ಲ. ದಡ್ಡಿಯಲ್ಲಿ ಅವುಗಳ ಒದರಾಟ ನಡೆದೇ ಇತ್ತು.

ಎರಡೂ ಕಡೆಯ ಮಾತು ಕೇಳಿದ ಮೇಲೆ ಅಣ್ಣಾರಾಯ ಬೀರಪ್ಪನ ಗುಡಿಯಿಂದ ಭಂಡಾರ ತರಿಸಿದ. ದೇವರ ಆ ಅರಿಸಿನ ಪುಡಿಯನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ. ಸುಳ್ಳು ಹೇಳುವವರ ಕೈ ಅದನ್ನು ಹಿಡಿದು ನಿಲ್ಲಲಾರದೆಂಬ ನಂಬಿಕೆ ಅಲ್ಲಿ ಕುಳಿತವರೆಲ್ಲರಿಗೂ ಇತ್ತು.

"ಸಾವಿತ್ರವ್ವ, ಭಂಡಾರ ಹಿಡಿ" ಎಂದ ಅಣ್ಣಾರಾಯ. "ಸೊಸಿ ಉಣ್ಣೂದು ಎಣಿಸಿಲ್ಲ ಅಂದ್ರ ಎಣಿಸಿಲ್ಲ ಅನ್ನು. ಕೈ ಅಲಗಲಾರದಂಗ ನಿಂತ್ರ ಮಾತ ಮುಗೀತು. ಮುಂದ ಯಾರೂ ತುಟಿ ಬಿಚ್ಚಂಗಿಲ್ಲ."

ಆಕೆ ಸೆರಗಿನಿಂದ ಬಲಗೈ ಹೊರತೆಗೆದು ಚಾಚಿದಳು. ಕೈ ಸ್ಥಿರವಾಗಿತ್ತು. ಅಣ್ಣಾರಾಯ ಭಂಡಾರ ಹಾಕಿದ. "ನಾ ಎಣಿಸಿಲ್ಲ" ಎಂದಳು. ಮುಂದೆ ಕುಳಿತವರಿಗಷ್ಟೇ ಕೇಳಿಸಿತು. ಒಂದೆರಡು ಉಸಿರು ಎಳೆಯುವಷ್ಟು ಹೊತ್ತು ಕೈ ಹಾಗೆಯೇ ನಿಂತಿತ್ತು. ಆಮೇಲೆ ಹೆಬ್ಬೆರಳು ಅಲುಗಿತು. ಹಿಂದೆಯೇ ತೋರುಬೆರಳು ಅಲುಗಿತು. ನೋಡುನೋಡುತ್ತಿದ್ದಂತೆ ಇಡೀ ಅಂಗೈ ನಡುಗಿ, ಭಂಡಾರ ಬೆರಳ ಸಂದಿಯಿಂದ ಸೋರಿ ನೆಲದ ಮೇಲೆ ಹಳದಿ ಗೆರೆ ಎಳೆಯಿತು.

ಹಣಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಧೂಳಪ್ಪ ತಲೆ ತಗ್ಗಿಸಿದ. ರೇವಪ್ಪ ಎದ್ದು ರುಮಾಲು ಕೊಡವಿಕೊಂಡು, "ಆತಲ್ಲ? ದೇವರ ಹೇಳಿದ. ನಡಿ ಮಗಳ" ಎಂದ.

ಇಂದುಬಾಯಿ ಏಳಲಿಲ್ಲ. ಅವಳು ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಆ ಕೈಯನ್ನು ಅವಳಷ್ಟು ಹತ್ತಿರದಿಂದ, ಅಷ್ಟು ಹೆದರಿಕೊಂಡು ನೋಡಿದವರು ಬೇರೆ ಯಾರೂ ಇರಲಿಲ್ಲ.

"ಅಪ್ಪಾ, ನಿಂದ್ರು" ಎಂದಳು. "ಇದು ಸುಳ್ಳಿಗಿ ನಡುಗೂದಲ್ಲ. ಇದ ನಾ ದಿನಾ ನೋಡಿದ್ದು. ನಾ ಉಣ್ಣುವಾಗೂ ಹಿಂಗ ಆಡ್ತಿತ್ತು. ಈಗ ಅತ್ತಿ ಏನ ಎಣಿಸ್ತಾರ? ಇಲ್ಲಿ ರೊಟ್ಟಿ ಎಲ್ಲಿ ಅದಾವು?"

"ಹುಚ್ಚಿ, ಸುಮ್ಮನಿರು."

"ಇರಂಗಿಲ್ಲ. ಅಣ್ಣಾರಾಯ ಮಾಮಾ, ದಡ್ಡಿ ಬಾಗಿಲ ತಗೀಲೇನ್ರಿ? ಅತ್ತಿ ಕುರಿ ಎಣಿಸಲಿ. ಖರೇ ಎಣಿಸುವಾಗ ಕೈ ಹ್ಯಾಂಗ ಆಡತೈತಿ ನೋಡೂಣ."

ಅಣ್ಣಾರಾಯ ತಲೆಯಾಡಿಸಿದ. ಇಂದುಬಾಯಿ ಹೋಗಿ ಬೇಲಿ ಸರಿಸಿದಳು. ಸಾವಿತ್ರವ್ವ ಎದ್ದು, ತನ್ನ ಹಳೆಯ ಜಾಗದಲ್ಲಿ ನಿಂತು, ಬಲಗೈ ಎತ್ತಿದಳು. ನಡುಕ ನಿಂತುಹೋಯಿತು. ಆದರೆ ಹಿಂದೆ ಗೆಣ್ಣಿನಿಂದ ಗೆಣ್ಣಿಗೆ ಓಡುತ್ತಿದ್ದ ಹೆಬ್ಬೆರಳು ಈಗ ಪ್ರತಿ ಗೆಣ್ಣಿನಲ್ಲಿ ಅಂಟಿಕೊಂಡಂತೆ ನಿಲ್ಲುತ್ತಿತ್ತು. ಎರಡು ಕುರಿ ದಾಟಿದರೂ ಬೆರಳು ಒಂದು ಗೆಣ್ಣು ದಾಟುತ್ತಿರಲಿಲ್ಲ. "ನಿಧಾನ ಬಿಡು ಮಗಳ, ನನ್ನ ಕೈಲೆ ಆಗವಲ್ದು" ಎಂದಳು. ಹಲವು ಕುರಿ ಲೆಕ್ಕ ತಪ್ಪಿದವು. ಕೊನೆಗೆ ಸೋತು ಬಂದು ಕಟ್ಟೆಯ ಮೇಲೆ ಕುಳಿತು ಕೈಯನ್ನು ತೊಡೆಯ ಮೇಲಿಟ್ಟಳು. ಹೆಬ್ಬೆರಳು ಮತ್ತೆ ತಾನಾಗಿಯೇ ಆಡತೊಡಗಿತು.

"ನೋಡ್ರಿ" ಎಂದಳು ಇಂದುಬಾಯಿ. "ಎಣಿಸು ಅಂದ್ರ ಒಲ್ಲೆ ಅಂತೈತಿ. ಸುಮ್ಮ ಕುಂದ್ರು ಅಂದ್ರ ಎಣಿಸ್ತೈತಿ. ಈ ಕೈ ಅತ್ತಿ ಮಾತ ಕೇಳವಲ್ದು."

ಅಣ್ಣಾರಾಯ ಆ ಕೈಯನ್ನು ನೋಡಿ, "ಇದು ಪಂಚರ ಕೆಲಸ ಅಲ್ಲ, ಡಾಕ್ಟರ ಕೆಲಸ" ಎಂದ.

"ಕೈಗಿ ಜಡ್ಡು ಅನ್ರಿ, ಒಪ್ಪೂಣ" ಎಂದ ರೇವಪ್ಪ. "ಮಾರಿಗಿ? ಮಾರಿಗೂ ಜಡ್ಡೇನ?"

ಡಾಕ್ಟರರು ಹೇಳುವವರೆಗೆ ಬಿಡುಗಡೆಯ ಮಾತು ನಿಲ್ಲಿಸಬೇಕು, ಅವರ ಮಾತನ್ನು ಎರಡೂ ಮನೆಯವರು ಕೂಡಿಯೇ ಕೇಳಬೇಕು ಎಂದು ತೀರ್ಮಾನವಾಯಿತು.

ಮಿರಜಿನ ದೊಡ್ಡ ದವಾಖಾನೆಗೆ ಹೋದದ್ದು ಜನವರಿ ೨೭, ಮಂಗಳವಾರ. ಉಟಗಿಯಿಂದ ಜತ್ತಕ್ಕೆ, ಜತ್ತದಿಂದ ಮಿರಜಿಗೆ, ಎರಡೂ ಎಸ್.ಟಿ. ಬಸ್ಸು. ನನಗೂ ಕನ್ನಡಕ ಬದಲಿಸುವುದಿತ್ತು, ಅವರೊಡನೆಯೇ ಹೊರಟೆ. ದಾರಿಯುದ್ದಕ್ಕೂ ರೇವಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಇಂದುಬಾಯಿ ಅತ್ತೆಯ ಪಕ್ಕದಲ್ಲಿ ಕುಳಿತಿದ್ದಳು.

ಡಾಕ್ಟರರು ನಡುವಯಸ್ಸಿನವರು, ಮಾತಿನಲ್ಲಿ ಆತುರವಿಲ್ಲದವರು. ಅವರು ಮರಾಠಿಯಲ್ಲಿ ಆಡಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಡಿನಾಡಿನ ನಮ್ಮ ಕಡೆಯವರಿಗೆ ಎರಡೂ ಒಂದೇ. ಅವರು ಸಾವಿತ್ರವ್ವನ ಮೊಣಕೈ ಮಡಿಸಿ ಬಿಡಿಸಿದರು. ಹೆಬ್ಬೆರಳನ್ನೂ ತೋರುಬೆರಳನ್ನೂ ಲಗುಬಗೆಯಿಂದ ತಟ್ಟಲು ಹೇಳಿದರು. ಬಾಗಿಲವರೆಗೆ ನಡೆದು ಹೊರಳಿ ಬರಲು ಹೇಳಿ, ಹೊರಳುವಾಗ ಆಕೆ ಇಟ್ಟ ಪುಟ್ಟ ಪುಟ್ಟ ಹೆಜ್ಜೆಗಳನ್ನು ನೋಡಿದರು. ಆಮೇಲೆ ಎದುರು ಕುಳಿತು ಆಕೆಯ ಮುಖವನ್ನೇ ನೋಡುತ್ತ ಕೇಳಿದರು.

"ಬಾಯೀ, ನಗು ಬಂದಾಗ ನಿಮಗೆ ಗೊತ್ತಾಗುತ್ತದೆಯೇ?"

"ಗೊತ್ತಾಗ್ತೈತ್ರಿ."

"ಎಲ್ಲಿ?"

"ಒಳಗ ನಗತೀನ್ರಿ. ಹೊರಗ ಬರಂಗಿಲ್ಲ."

ಡಾಕ್ಟರರು ನಮ್ಮೆಲ್ಲರ ಕಡೆಗೆ ತಿರುಗಿದರು. ಇದು ಕಂಪವಾತ ಎಂದರು. ಪಾರ್ಕಿನ್ಸನ್ ಎಂಬುದು ಇಂಗ್ಲಿಷಿನಲ್ಲಿ ಅದರ ಹೆಸರು. ಮಿದುಳಿನ ಬುಡದಲ್ಲಿ ಕಪ್ಪಾಗಿ ಕಾಣುವ ಒಂದು ಚಿಕ್ಕ ಜಾಗವಿದೆ. ಅಲ್ಲಿಯ ನರಕೋಶಗಳು ಸ್ರವಿಸುವ ಒಂದು ರಸದ ಬಲದಿಂದ ನಮ್ಮ ಕೈಕಾಲು, ದನಿ, ಮುಖ ಎಲ್ಲವೂ ಸಲೀಸಾಗಿ ಆಡುತ್ತವೆ. ಈ ರೋಗದಲ್ಲಿ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ಆಗ ಬೇಡವಾದಾಗ ಕೈ ಆಡುತ್ತದೆ, ಬೇಕಾದಾಗ ಆಡುವುದಿಲ್ಲ. ನಗೆ ಮನಸ್ಸಿನಲ್ಲಿ ಹುಟ್ಟುತ್ತದೆ, ಮುಖವನ್ನು ತಲುಪುವುದಿಲ್ಲ. ನೋಡುವವರು ಅದನ್ನು ಸಿಟ್ಟು ಎಂದು ತಿಳಿಯುತ್ತಾರೆ.

"ಯಾಕ ಸಾಯ್ತಾವ್ರಿ?" ಎಂದು ಕೇಳಿದವಳು ಇಂದುಬಾಯಿ.

ತೀರಿಕೊಂಡ ರೋಗಿಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆ ಕೋಶಗಳ ಒಳಗೆ ದುಂಡನೆಯ ಗಂಟುಗಳು ಕಾಣುತ್ತವೆ ಎಂದರು ಡಾಕ್ಟರರು. ಗಂಟು ಯಾತರದು, ಯಾಕೆ ಕಟ್ಟುತ್ತದೆ ಎಂಬುದು ಇನ್ನೂ ಯಾರಿಗೂ ತಿಳಿದಿಲ್ಲ.

ಸಾವಿತ್ರವ್ವ, "ಗಂಜ್ಯಾಗ ಗಂಟ ಬಿದ್ದಂಗೇನ್ರಿ?" ಎಂದಳು.

ಡಾಕ್ಟರರಿಗೆ ಅರ್ಥವಾಗಲಿಲ್ಲ. ಧೂಳಪ್ಪ ಬಿಡಿಸಿ ಹೇಳಿದ. ಕಂಬಳಿ ನೇಯುವ ಮುಂಚೆ ಹುಣಸೆ ಬೀಜ ಕುದಿಸಿ ಗಂಜಿ ಮಾಡಿ ಮಗ್ಗದ ಹಾಸಿನ, ಅಂದರೆ ಉದ್ದುದ್ದದ, ಎಳೆಗಳಿಗೆ ಬಳಿಯುತ್ತಾರೆ. ಗಂಜಿ ತೆಳ್ಳಗೆ ಹರಡಿದರೆ ಎಳೆ ಗಟ್ಟಿಯಾಗುತ್ತದೆ. ಅದರಲ್ಲೇ ಗಂಟು ಬಿದ್ದರೆ, ಗಂಟಿರುವಲ್ಲಿ ಎಳೆ ಎಳೆಗೆ ಹತ್ತಿಕೊಂಡು ಹರಿಯುತ್ತದೆ.

"ಹೋಲಿಕೆ ಚೆನ್ನಾಗಿದೆ" ಎಂದರು ಡಾಕ್ಟರರು.

"ಗಂಟ ತಗ್ಯಾಕ ಬರ್ತೈತೇನ್ರಿ?"

"ಇಲ್ಲ ಬಾಯೀ. ನಿಮಗೆ ಸುಳ್ಳು ಹೇಳುವುದಿಲ್ಲ."

"ಹರದದ್ದು ಹರೀತು. ಉಳದ ಎಳಿ ಮ್ಯಾಲ ನೇಯಾಕ?"

"ಅದು ಆಗುತ್ತದೆ" ಎಂದರು ಅವರು. "ಎಳೆ ಇನ್ನೂ ಬಹಳ ಉಳಿದಿವೆ. ಸದ್ಯ ನಡುಕ ತಗ್ಗಿಸುವ ಗುಳಿಗೆ ಕೊಡುತ್ತೇನೆ. ಅಮೆರಿಕೆಯಲ್ಲಿ ಒಂದು ಹೊಸ ಔಷಧ ಬಂದಿದೆ, ಇಲ್ಲಿಗೂ ಬರುತ್ತದೆ. ಬಂದಾಗ ನಿಮಗೆ ತಿಳಿಸುತ್ತೇನೆ."

ದವಾಖಾನೆಯ ಹೊರಗಿನ ಕಟ್ಟೆಯ ಮೇಲೆ ನಾವೆಲ್ಲ ಬಸ್ಸಿನ ಹೊತ್ತಿಗೆ ಕಾಯುತ್ತ ಕುಳಿತೆವು. ರೇವಪ್ಪ ರುಮಾಲು ತೆಗೆದು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಕಡೆಗೆ ನೆಲ ನೋಡುತ್ತಲೇ ಕೇಳಿದ.

"ಹಂಗಾರ ಬೀಗತೇರ, ಅವತ್ತ ಬಾಲಗಾಂವಕ್ಕ ಬಂದಾಗ ನಕ್ಕಿದ್ರೇನು?"

"ನಕ್ಕಿದ್ದೆನ್ರಿ" ಎಂದಳು ಸಾವಿತ್ರವ್ವ. "ನಿಮಗ ಕಾಣಲಿಲ್ಲ."

ಸಂಜೆ ಜತ್ತದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಾಲಗಾಂವದ ಕಡೆಯ ಜೀಪು ಒಂದು ಕಡೆ, ಉಟಗಿಯ ಜೀಪು ಒಂದು ಕಡೆ ನಿಂತಿದ್ದವು. ಇಂದುಬಾಯಿ ತಂದೆಯ ಕಾಲು ಮುಟ್ಟಿ, ಅತ್ತೆಯ ಚೀಲವನ್ನು ಎತ್ತಿಕೊಂಡು ಉಟಗಿಯ ಜೀಪಿನೊಳಗೆ ಇಟ್ಟಳು. ರೇವಪ್ಪ ತಡೆಯಲಿಲ್ಲ. "ಹೊಟ್ಟಿ ತುಂಬ ಉಣ್ಣು ಮತ್ತ" ಎಂದ ಅಷ್ಟೇ.

ಆ ಗುಳಿಗೆಗಳಿಂದ ನಡುಕ ಒಂದಿಷ್ಟು ತಗ್ಗಿತು. ಬಾಯಿ ಒಣಗುವುದೊಂದು ಹೊಸ ಕಾಟವಾಯಿತು. ಮುಖ ಹಾಗೆಯೇ ಉಳಿಯಿತು. ಆದರೆ ಮನೆ ಬದಲಾಯಿತು. ಯಾರಾದರೂ ನಗೆಯ ಮಾತಾಡಿದರೆ ಇಂದುಬಾಯಿ ತಿರುಗಿ, "ಅತ್ತಿ, ನಕ್ರೇನ್ರಿ?" ಎಂದು ಕೇಳುವಳು, "ಹೂಂ, ನಕ್ಕೆ" ಎಂದು ಉತ್ತರ ಬರುವುದು, ಆಮೇಲೆ ಉಳಿದವರು ನಗುವರು. ಉಣ್ಣಲು ಕುಳಿತಾಗ ಅತ್ತೆಯ ಬೆರಳು ಆಡಿದರೆ, "ಲೆಕ್ಕಾ ತಪ್ಪಬ್ಯಾಡ್ರಿ, ಇದು ಮೂರನೇದು" ಎಂದು ಸೊಸೆಯೇ ಹೇಳುವಳು. ಸಾವಿತ್ರವ್ವ ಕೈಯನ್ನು ಸೆರಗಿನೊಳಗೆ ಬಚ್ಚಿಡುವುದನ್ನು ಬಿಟ್ಟಳು. ಹಣಮವ್ವನೂ ಒಂದು ದಿನ ಬಂದು, "ನನ್ನ ಹಲ್ಲ ಎಣಿಸಿಬಿಡ ಯವ್ವಾ, ಒಂದ ಬಿದ್ದಂಗ ಕಾಣತೈತಿ" ಎಂದು ಆಕೆಯ ಎದುರಿಗೆ ಕುಳಿತಳು.

ಡಾಕ್ಟರರು ಅಂದು ತಿಳಿಯದೆಂದು ಹೇಳಿದ್ದಕ್ಕೆ ಇಂದು ಭಾಗಶಃ ಉತ್ತರ ದೊರೆತಿದೆ. ಅದನ್ನು ಬರೆಯದೆ ಬಿಟ್ಟರೆ ಈ ವೃತ್ತಾಂತ ಅಪೂರ್ಣವಾಗುತ್ತದೆ. ಆ ಗಂಟುಗಳನ್ನು ಜರ್ಮನಿಯ ಒಬ್ಬ ವೈದ್ಯ ಮೊದಲು ವರ್ಣಿಸಿದ್ದು ೧೯೧೨ರಲ್ಲಿ. ಅವು ಮುಖ್ಯವಾಗಿ ಯಾವುದರಿಂದ ಆದವು ಎಂದು ತಿಳಿದದ್ದು ೧೯೯೭ರಲ್ಲಿ, ಅಂದರೆ ಎಂಬತ್ತೈದು ವರ್ಷಗಳ ಮೇಲೆ. ನರಕೋಶಗಳಲ್ಲಿ ಸಹಜವಾಗಿಯೇ ಇರುವ ಆಲ್ಫಾ ಸೈನ್ಯೂಕ್ಲೀನ್ ಎಂಬ ಒಂದು ಪ್ರೋಟೀನು ಅದು. ಪ್ರತಿ ಪ್ರೋಟೀನಿಗೂ ತನ್ನದೇ ಆದ ಒಂದು ಮಡಿಕೆಯಿರುತ್ತದೆ. ಮಡಿಕೆ ತಪ್ಪಿದ ಒಂದು ಇನ್ನೊಂದಕ್ಕೆ ಅಂಟುತ್ತದೆ. ಅಂಟಿದವು ಸರಿಯಿದ್ದವನ್ನೂ 'ತಮ್ಮಂತೆ' ಮಾಡಿ ಎಳೆಯಾಗಿ, ಗಂಟಾಗಿ ಬೆಳೆಯುತ್ತವೆ. ಕೋಶಕ್ಕೆ ಶಕ್ತಿ ಒದಗಿಸುವ ವ್ಯವಸ್ಥೆ ಕೆಡುತ್ತದೆ, ಕಸ ಹೊರಹಾಕುವ ವ್ಯವಸ್ಥೆ ಸೋಲುತ್ತದೆ, ಕೋಶ ಸಾಯುತ್ತದೆ. ದೊಡ್ಡ ಗಂಟೇ ಕೊಲ್ಲುತ್ತದೆಯೋ, ಗಂಟಾಗುವ ಮೊದಲಿನ ಚಿಕ್ಕ ಚಿಕ್ಕ ತುಣುಕುಗಳು ಕೊಲ್ಲುತ್ತವೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕೈಯ ನಡುಕ ಕಾಣಿಸುವ ಹೊತ್ತಿಗೆ ಆ ಕಪ್ಪು ಜಾಗದ ಕೋಶಗಳಲ್ಲಿ ಬಹುಪಾಲು ಹೋಗಿಯೇ ಇರುತ್ತವೆ. ಅಂದರೆ ೧೯೬೬ರಲ್ಲಿ ತಕಲಿಯ ಎಳೆ ಕೆಡುವುದಕ್ಕೆ ಎಷ್ಟೋ ವರ್ಷ ಮೊದಲೇ ಸಾವಿತ್ರವ್ವನ ಒಳಗಿನ ಗಂಜಿಯಲ್ಲಿ ಗಂಟು ಬಿದ್ದಿತ್ತು. ಆಗ ಆಕೆ ಊರಿಗೆಲ್ಲ ಕೇಳುವಂತೆ ನಗುತ್ತಿದ್ದಳು.

ಹೊಸ ಔಷಧ ಮಿರಜಿಗೆ ಬಂದಿದೆಯೆಂಬ ಸುದ್ದಿ ೧೯೭೨ರ ಕೊನೆಗೇ ತಲುಪಿತ್ತು. ಆದರೆ ಅದು ಬರದ ವರ್ಷ; ಧೂಳಪ್ಪ ಹಿಂಡನ್ನು ಮೇಯಿಸಲು ಕೃಷ್ಣೆಯ ದಂಡೆಗೆ ಹೋಗಿದ್ದ, ಮರಳಿ ಬಂದು ಮನೆ ನೆಲೆ ನಿಲ್ಲುವುದಕ್ಕೆ ಒಂದು ವರ್ಷ ಹಿಡಿಯಿತು. ಇಂದುಬಾಯಿ ಅತ್ತೆಯನ್ನು ಕರೆದುಕೊಂಡು ಮತ್ತೆ ಮಿರಜಿಗೆ ಹೋದದ್ದು ೧೯೭೪ರ ಫೆಬ್ರವರಿಯ ಮೊದಲ ವಾರ. ಔಷಧದ ಹೆಸರು ಲೆವೊಡೋಪಾ. ಮಿದುಳು ಕಳೆದುಕೊಂಡ ರಸವನ್ನು ಉಳಿದ ಕೋಶಗಳು ಅದರಿಂದ ಮಾಡಿಕೊಳ್ಳುತ್ತವೆ. ಗಂಟನ್ನು ಅದು ಕರಗಿಸುವುದಿಲ್ಲ. ಕೋಶಗಳ ಸಾವನ್ನು ನಿಲ್ಲಿಸುವುದಿಲ್ಲ. ಆಕೆಯ ಮೇಲೆಯೂ ೧೯೭೭ರ ನಂತರ ಅದರ ಬಲ ಕುಂದಿತು ಎಂಬುದನ್ನು ಮುಚ್ಚಿಡಲಾರೆ. ಆದರೆ ನಡುವಿನ ಆ ಮೂರು ವರ್ಷ ಮೂರು ವರ್ಷವೇ. ಮೊದಲ ಎರಡು ವಾರ ವಾಂತಿಯಾಯಿತು. ಸೊಸೆ ಗುಳಿಗೆಯನ್ನು ರೊಟ್ಟಿಯ ತುಣುಕಿನೊಡನೆ ಕೊಡತೊಡಗಿದ ಮೇಲೆ ನಿಂತಿತು. ಕಾಲು ಸಡಿಲಾದವು. ಬೆಳಗ್ಗೆ ದಡ್ಡಿಯ ಬಾಗಿಲವರೆಗೆ ಆಕೆ ಒಬ್ಬಳೇ ನಡೆದು ಹೋಗುವುದನ್ನು ನಾನು ನನ್ನ ಕಟ್ಟೆಯಿಂದ ನೋಡಿದೆ.

೧೯೭೪ರ ಮಾರ್ಚ್ ೧೨, ಮಂಗಳವಾರ, ರೇವಪ್ಪ ಮಗಳ ಮನೆಗೆ ಬಂದಿದ್ದ. ಮಧ್ಯಾಹ್ನದ ಊಟಕ್ಕೆ ನನ್ನನ್ನೂ ಕರೆದಿದ್ದರು. ನಾವು ಪಡಸಾಲೆಯಲ್ಲಿ ಕುಳಿತೆವು. ಇಂದುಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸಾವಿತ್ರವ್ವ ಎಂದಿನಂತೆ ಎದುರಿಗೆ ಗೋಡೆಗೆ ಒರಗಿ ಕುಳಿತಿದ್ದಳು, ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳು ಆಗೊಮ್ಮೆ ಈಗೊಮ್ಮೆ ಮಾತ್ರ ಅಲುಗುತ್ತಿತ್ತು.

ರೇವಪ್ಪ ನಾಲ್ಕನೆಯ ರೊಟ್ಟಿ ಮುರಿಯುತ್ತ, "ಬೀಗತೇರ, ನನ್ನೂ ಎಣಿಸಾಕತ್ತೀರೋ ಹ್ಯಾಂಗ?" ಎಂದ.

"ನಿಮ್ಮನ್ನ ಎಣಿಸಾಕ ಒಂದ ಕೈ ಸಾಲಂಗಿಲ್ರಿ" ಎಂದಳು ಸಾವಿತ್ರವ್ವ. "ಧೂಳಪ್ಪನ ಕೈನೂ ತರಸಬೇಕಾಗ್ತೈತಿ."

ಹೇಳುತ್ತಿದ್ದಂತೆ ಆಕೆಯ ಬಾಯಿಯ ಎರಡೂ ತುದಿ ಮೇಲೆದ್ದವು. ಕಣ್ಣಿನ ಕೆಳಗೆ ಸುಕ್ಕು ಮೂಡಿತು. ಹಲ್ಲು ಕಂಡವು. ರೇವಪ್ಪನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ಅಲ್ಲೇ ನಿಂತಿತು. ನಾನೂ ಉಣ್ಣುವುದನ್ನು ಬಿಟ್ಟು ನೋಡಿದೆ.

"ಇಂದೂ" ಎಂದು ಆತ ಮೆಲ್ಲಗೆ ಕರೆದ. "ಬಾ ಇಲ್ಲಿ. ಲಗೂನ ಬಾ. ನಿಮ್ಮತ್ತಿ ಮಾರಿ ನೋಡು."

ಇಂದುಬಾಯಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮದುವೆಯಾಗಿ ಆರನೆಯ ವರ್ಷ ಅದು. ಅತ್ತೆಯ ನಗುವ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಒಲೆಯ ಮೇಲಿನ ರೊಟ್ಟಿ ಸುಟ್ಟ ವಾಸನೆ ಬರುತ್ತಿದ್ದರೂ ಅವಳು ಕದಲಲಿಲ್ಲ.

ಸಾವಿತ್ರವ್ವ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಯಾಕ, ಏನಾತು?" ಎಂದಳು. "ಹಂಗ್ಯಾಕ ನೋಡಾಕತ್ತೀರಿ?"

"ನಗಾಕತ್ತೀರಿ ಅತ್ತಿ" ಎಂದಳು ಇಂದುಬಾಯಿ.

"ನಾ ಯಾವಾಗೂ ಹಿಂಗ ನಗತೀನಲ್ಲವಾ" ಎಂದಳು ಆಕೆ.

ರೇವಪ್ಪ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಆಮೇಲೆ ತಾಟನ್ನು ಮುಂದಕ್ಕೆ ಸರಿಸಿ, "ಇನ್ನೊಂದು ರೊಟ್ಟಿ ಹಾಕ ಮಗಳ" ಎಂದ. "ಬೀಗತೇರ ಎಣಿಸಲಿ."